ಗೇಣುದ್ದದ ತಿರುವು

"ಜಬೀವುಲ್ಲಾನ ಹಳಿ ಒಂದು ಬೆರಳು ಸರದೈತಿ ನೋಡಲೇ," ಎಂದು ಆದೆಪ್ಪ ಹಲಗೆಯ ಅಂಚಿಗೆ ತನ್ನ ತೋರುಬೆರಳನ್ನೇ ಇಟ್ಟು ತೋರಿಸಿದ. "ಕಿತ್ತು ಹಾಕು. ಅವ ಚಾ ಕುಡದು ಬರೋದ್ರಾಗ ನೆಟ್ಟಗ ಮಾಡೋಣು."

ಗಂಗಾಧರ ಬಾಗಿ ನೋಡಿದ. ಸಿಂಧನೂರಿನ ಶಾಲೆಯೊಂದರ ಸಭಾಂಗಣದಲ್ಲಿ, ಮಕ್ಕಳಿಗೆ ತೋರಿಸಲೆಂದು, ಅವರ ಮಾದರಿ ರೈಲಿನ ಮೂರು ಹಲಗೆಗಳು ಸಾಲಾಗಿ ನಿಂತಿದ್ದವು. ಲಿಂಗಸುಗೂರು ಆದೆಪ್ಪನದು, ನಡುವಿನ ಮಸ್ಕಿ ಜಬೀವುಲ್ಲಾನದು, ಸಿಂಧನೂರು ಗಂಗಾಧರನದು. ಒಬ್ಬೊಬ್ಬರೂ ತಮ್ಮೂರಿನಲ್ಲೇ ಹಲಗೆ ಮಾಡಿ ತರುವುದು, ನಡುವೆ ಬಿಟ್ಟ ಗೇಣು ಜಾಗಕ್ಕೆ ಎಲ್ಲರೂ ಸೇರಿದ ಮೇಲೆ ಕೈಯಿಂದಲೇ ಹಳಿ ಕೂಡಿಸುವುದು ಅವರ ಪದ್ಧತಿ.

ಐಟಿಐಯಲ್ಲಿ ಓದುವಾಗ ಶುರುಮಾಡಿದ್ದು. ಮೂರೂ ಊರಿಗೆ ರೈಲಿಲ್ಲದ ಕಾಲ. ಸೈಕಲ್ ಕಡ್ಡಿಯೇ ಹಳಿ, ಬೆಂಕಿಕಡ್ಡಿಯೇ ಹಳಿಯಡಿಯ ಸ್ಲೀಪರ್ ಪಟ್ಟಿ. ಈಗ ಸಿಂಧನೂರಿಗೆ ನಿಜವಾದ ರೈಲೇ ಬಂದಿದೆ. ಉಳಿದೆರಡು ಊರಿಗೆ ಇನ್ನೂ ಈ ಮೇಜಿನ ಮೇಲಷ್ಟೇ. ಹಳಿ ಹಲಗೆಯ ಅಂಚಿನ ನಟ್ಟನಡುವೆಯೇ ಮುಗಿಯಬೇಕೆಂದು ನಿಯಮ ಮಾಡಿದವನು ಜಬೀವುಲ್ಲಾ. ಕೂದಲೆಳೆಯಷ್ಟು ತಪ್ಪಿದರೂ ಗದರುತ್ತಿದ್ದ. ವರ್ಷದಿಂದ ಅವನ ಕೈ ನಡುಗುತ್ತದೆ. ಬಡಗಿ ಕೆಲಸ ಬಿಟ್ಟಿದ್ದಾನೆ, ಈ ಹಲಗೆಯೊಂದನ್ನು ಬಿಟ್ಟಿರಲಿಲ್ಲ.

"ಅವನ ಹಳಿ ಕೀಳೋದು ಬ್ಯಾಡ," ಎಂದ ಗಂಗಾಧರ. "ಅವನ, ನನ್ನ ಹಲಗಿ ನಡುವಿನ ಹಳೀನ ಬಗ್ಗಸ್ತೀನಿ."

"ಗೇಣು ಜಾಗದಾಗ ತಿರುವಾ? ಹುಡುಗರ ಮುಂದ ಇಂಜಿನ್ ಮಕಾಡೆ ಬೀಳ್ತೈತಿ. ಮರ್ಯಾದಿ ಹೋಗ್ತೈತಿ."

"ಹೋದ್ರ ನಂದು ಹೋಗ್ತೈತಿ ಬಿಡು."

ಗಂಗಾಧರ ಹಳಿ ಬಗ್ಗಿಸಿದ, ತುದಿಗಳನ್ನು ಅರದಿಂದ ಉಜ್ಜಿದ, ಒಂದೊಂದೇ ಸ್ಲೀಪರಿಗೆ ಬೆಸೆದ. ಅಗಲವನ್ನು ಮೂರು ಸಲ ಅಳೆದ. ಆದರೂ ಸಮಾಧಾನವಿಲ್ಲ. ತಪ್ಪನ್ನು ಮುಚ್ಚಿಡುವುದೇ ಗೆಳೆಯನಿಗೆ ದೊಡ್ಡ ಅವಮಾನವೇನೋ ಎನಿಸಿತು.

ಜಬೀವುಲ್ಲಾ ಬಂದವನೇ ಬಾಗಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದ.

"ಗಂಗ್ಯಾ, ಹಳಿ ಇಲ್ಲಿ ಯಾಕ ಸೊಂಟ ತಿರುವೈತಿ?"

"ನನ್ನ ಹಲಗಿ ಸೊಟ್ಟ ಆತಲೇ."

ಜಬೀವುಲ್ಲಾ ಗಂಗಾಧರನ ಹಲಗೆಯ ಅಂಚು ನೋಡಿದ. ಹಳಿ ನಟ್ಟನಡುವೆಯೇ ಇತ್ತು. ಆಮೇಲೆ ತನ್ನದನ್ನು ನೋಡಿದ, ಬಹಳ ಹೊತ್ತು. ಆದೆಪ್ಪ ಕಿಟಕಿಯ ಕಡೆ ತಿರುಗಿದ.

"ಸುಳ್ಳು ಹೇಳೋದ್ರಾಗ ನೀ ಇನ್ನೂ ಫೇಲ್ ಅದೀ," ಎಂದ ಜಬೀವುಲ್ಲಾ. ತಿರುವಿನ ಹೊರಬದಿ ಮುಟ್ಟಿ, "ಹೊರಗಿನ ಹಳಿ ಒಂದೀಟು ಎತ್ತಬೇಕು. ಇಲ್ಲಂದ್ರ ಗಾಡಿ ಹೊರಗ ಬೀಳ್ತೈತಿ," ಎಂದ.

ಅವನು ಜೇಬಿನಿಂದ ಬಸ್ ಟಿಕೆಟ್ ತೆಗೆದು ಮಡಿಸತೊಡಗಿದ. ಅಂಚು ಅಂಚಿಗೆ ಕೂಡಲಿಲ್ಲ. ಬಿಚ್ಚಿ ಮತ್ತೆ ಮಡಿಸಿದ. ಗಂಗಾಧರ ಕೈ ಚಾಚದೆ ಕಾದ. ಕೊನೆಗೆ ತನ್ನ ಕೈಗೆ ಬಂದ ಮಡಿಸಿದ ಟಿಕೆಟನ್ನು ಸ್ಲೀಪರುಗಳ ಹೊರತುದಿಯ ಕೆಳಗೆ ತೂರಿಸಿದ.

"ಸಾವಕಾಶ ಬಿಡು," ಎಂದ ಜಬೀವುಲ್ಲಾ.

ಇಂಜಿನ್ ಸಿಂಧನೂರಿನಿಂದ ಹೊರಟಿತು. ತಿರುವಿನಲ್ಲಿ ಕೊಂಚ ಒಳಕ್ಕೆ ವಾಲಿ ಮಸ್ಕಿಯ ಹಲಗೆಗೆ ದಾಟಿತು. ಹಿಂದಿನ ಡಬ್ಬಿಗಳೂ ಒಂದೊಂದಾಗಿ ಅದೇ ಜಾಗದಲ್ಲಿ ವಾಲಿ, ನೆಟ್ಟಗಾಗಿ, ಮುಂದೆ ಹೋದವು. ಕೊನೆಯದು ದಾಟುವವರೆಗೂ ಮೂವರೂ ಬಾಗಿಕೊಂಡೇ ಇದ್ದರು.