ಬಾಗಿಲ ಸಂದಿಯ ಬಟ್ಟೆ

ಹೆಂಡತಿಗೆ ಹೇಳಿದ ಪ್ರಕಾರ ಗಡಿಯಾರ ರಿಪೇರಿಯವನು ಸಿಗರೇಟು ಬಿಟ್ಟು ಮೂರು ವರ್ಷ. ನಿಜದಲ್ಲಿ ದಿನಕ್ಕೆ ಎಂಟು, ಎಲ್ಲವೂ ಮನೆಯ ನೆಲಮಾಳಿಗೆಯಲ್ಲಿ, ಕೆಲಸದ ಮೇಜಿನ ಮುಂದೆ. ಅಲ್ಲಿದ್ದ ಒಂದೇ ಕಿಟಕಿ ಅಡುಗೆಮನೆ ಕಿಟಕಿಯ ಕೆಳಗೇ ತೆರೆಯುತ್ತಿತ್ತು. ಹೊಗೆ ಮೇಲೆ ಹೋಗಿ ಚಾಡಿ ಹೇಳೀತೆಂದು ಅದರ ಸುತ್ತ ಟೇಪು ಬಡಿದುಬಿಟ್ಟಿದ್ದ, ಮಹಾ ಬುದ್ಧಿವಂತ.

ಮೂರು ತಿಂಗಳ ಹಿಂದೆ ಹೆಂಡತಿ ಅಲ್ಲೊಂದು ಪುಟ್ಟ ಕಪ್ಪು ಡಬ್ಬಿ ಇಟ್ಟಾಗ ಹೊಗೆ ಪತ್ತೆಹಚ್ಚುವ ಯಂತ್ರವೇನೋ ಎಂದು ಅವನು ಹೆದರಿದ್ದ. ಬೀದಿಯ ಎಲ್ಲ ಮನೆಗಳಲ್ಲೂ ಗಾಳಿ ಪರೀಕ್ಷೆಗೆ ಇಡುತ್ತಿದ್ದಾರೆ, ಹೊಗೆಗಲ್ಲ ಎಂದು ತಿಳಿದ ಮೇಲೆ ನೆಮ್ಮದಿಯಾಗಿ ಅದರ ಪಕ್ಕದಲ್ಲೇ ಇನ್ನೊಂದು ಸಿಗರೇಟು ಹಚ್ಚಿದ್ದ.

ಇವತ್ತು ಗಾಳಿ ಪರೀಕ್ಷೆಯವಳು ಫಲಿತಾಂಶ ಹಿಡಿದು ಹೆಂಡತಿಯ ಜೊತೆ ನೆಲಮಾಳಿಗೆಗೇ ಇಳಿದು ಬಂದಿದ್ದಳು. ಸಿಗರೇಟಿನ ವಾಸನೆ ಮುಚ್ಚಲು ಅವನು ಹಚ್ಚಿಟ್ಟಿದ್ದ ಊದುಬತ್ತಿ ಇನ್ನೂ ಉರಿಯುತ್ತಿತ್ತು.

"ಇದು ಮಣ್ಣಿನಿಂದ ಏಳೋ ಗಾಳಿ, ರೇಡಾನ್ ಅಂತಾರೆ. ಬಣ್ಣ ಇಲ್ಲ, ವಾಸನೆ ಇಲ್ಲ, ಆದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಇಲ್ಲಿ ತುಂಬಾ ಜಾಸ್ತಿ ಇದೆ. ಕಿಟಕಿ ಮುಚ್ಚಿದ್ದಕ್ಕೆ ಹೊರಗೆ ಹೋಗೋಕೆ ದಾರೀನೇ ಇಲ್ಲ. ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ?"

"ಇಲ್ಲಮ್ಮ. ಇವರು ಬಿಟ್ಟು ಮೂರು ವರ್ಷ ಆಯ್ತು," ಎಂದಳು ಹೆಂಡತಿ, ನೆಲ ನೋಡುತ್ತಾ.

"ಸದ್ಯ. ಇದರ ಜೊತೆ ಸಿಗರೇಟೂ ಸೇರಿದ್ರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಕೂಡೋ ಲೆಕ್ಕ ಅಲ್ಲ, ಹೆಚ್ಚುಕಮ್ಮಿ ಗುಣಿಸೋ ಲೆಕ್ಕ. ಸೇದೋರಿದ್ರೆ ಆಸ್ಪತ್ರೆಗೆ ಚೀಟಿ ಬರೆದುಕೊಡಬೇಕಿತ್ತು."

ಅವಳು ಚೀಲದ ಜಿಪ್ಪು ಎಳೆಯತೊಡಗಿದಳು. ಅವನಿಗೆ ಎರಡು ತಿಂಗಳಿಂದ ಕೆಮ್ಮು. ದೂಳು ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದ. ಈಗ ಬಾಯಿ ಬಿಟ್ಟರೆ ಮೂರು ವರ್ಷದ ಸುಳ್ಳು ಹೊರಗಿನವಳ ಮುಂದೆ ಬಟಾಬಯಲು. ಬಿಡದಿದ್ದರೆ ಚೀಟಿ ಆ ಚೀಲದೊಳಗೇ ಉಳಿಯುತ್ತದೆ. ಮಾನ ದೊಡ್ಡದೋ ಜೀವ ದೊಡ್ಡದೋ ಎಂದು ಯೋಚಿಸುವಷ್ಟು ಮೂರ್ಖನಾಗಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಭಯ ಅದಕ್ಕಿಂತ ಹೆಚ್ಚಾಗಿತ್ತು.

"ಚೀಟಿ ಬರೀರಿ," ಎಂದ. "ದಿನಕ್ಕೆ ಎಂಟು ಸೇದ್ತೀನಿ. ಇಲ್ಲೇ."

ಹೆಂಡತಿ ಬೆಚ್ಚಿಬೀಳಲಿಲ್ಲ. ಮೆಟ್ಟಿಲು ಹತ್ತಿ, ಬಾಗಿಲಿನಾಚೆಯಿಂದ ಸುರುಳಿ ಸುತ್ತಿದ ಹಳೇ ಬಟ್ಟೆಯೊಂದನ್ನು ತಂದು ಮೇಜಿನ ಮೇಲಿಟ್ಟಳು.

"ನೀವು ಇಲ್ಲಿಗೆ ಇಳಿದಾಗೆಲ್ಲ ಬಾಗಿಲ ಕೆಳಗಿನ ಸಂದಿಗೆ ತುರುಕ್ತಿದ್ದೆ. ವಾಸನೆ ಬಂದ್ರೆ ನಿಮ್ಮ ಜೊತೆ ಜಗಳ ಆಡಬೇಕಾಗುತ್ತಲ್ಲ ಅಂತ."

"ಯಾವಾಗಿಂದ?"

"ಮೂರು ವರ್ಷದಿಂದ."

ಪರೀಕ್ಷೆಯವಳು ತಲೆ ಎತ್ತದೆ ಚೀಟಿ ಬರೆದಳು. ಅವನು ಕಿಟಕಿಯ ಟೇಪನ್ನು ಉಗುರಿನಿಂದ ಕೀಳತೊಡಗಿದ. ಹೆಂಡತಿ ಬಂದು ಇನ್ನೊಂದು ತುದಿ ಹಿಡಿದಳು. ಟೇಪು ಬಣ್ಣದ ಸಮೇತ ಕಿತ್ತು ಬಂತು. ಕಿಟಕಿ ಮಾತ್ರ, ಇಬ್ಬರೂ ಸೇರಿ ತಳ್ಳಿದರೂ, ಜಗ್ಗಲಿಲ್ಲ.