ಹತ್ತು ಬೆರಳಿನ ಸ್ಟ್ಯಾಂಡ್

ನಾಲ್ಕಂತಸ್ತಿನ ಹಳೇ ಕಟ್ಟಡ, ಅದಕ್ಕೊಂದು ಮೆಟ್ಟಿಲು, ಮೆಟ್ಟಿಲ ಕೆಳಗೊಂದು ಕೋಣೆ. ಕೋಣೆಗೆ ಬಾಗಿಲು ಒಂದೇ ಆದರೂ ಒಳಗೆ ಅಂಗಡಿ ಎರಡಿದ್ದವು. ಎಡಗಡೆಯದು ಅಜ್ಜಿಯ ಗುಂಡಿ ಅಂಗಡಿ. ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಿಗಳು. ಒಳಗೆ ಏನಿದೆಯೆಂದು ತಿಳಿಯಲಿ ಎಂದು ಪ್ರತಿ ಡಬ್ಬಿಯ ಹಣೆಗೂ ಅದರದೇ ಒಂದು ಗುಂಡಿಯನ್ನು ಹೊಲಿದಿಟ್ಟಿತ್ತು. ಬಲಗಡೆಯದು ಮೊಮ್ಮಗಳ ಫೋನ್ ರಿಪೇರಿ ಮೇಜು. ಒಂದು ಬಗ್ಗುವ ದೀಪ, ಒಂದು ಸೂಕ್ಷ್ಮದರ್ಶಕ, ಅಂಟು ಕರಗಿಸುವ ಬಿಸಿತಟ್ಟೆ, ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಹಿಡಿದಿಡುವ ಅಯಸ್ಕಾಂತದ ಹಾಳೆ.

ಮೊಮ್ಮಗಳು ಸಣಕಲಿ. ಎಂಥ ಸಂದಿನಲ್ಲೂ ತೂರುತ್ತಾಳೆ, ಬಾಯಿ ತೆಗೆದರೆ ಚುಚ್ಚುತ್ತಾಳೆ ಎಂದು ಅಜ್ಜಿ ಅವಳನ್ನು ಸೂಜಿ ಎಂದು ಕರೆಯುತ್ತಿದ್ದಳು. ಬರಬರುತ್ತ ಬೀದಿಗೆಲ್ಲ ಅವಳು ಸೂಜಿಯೇ ಆದಳು. ಊರವರ ಫೋನುಗಳ ಹೊಟ್ಟೆ ಬಗೆದು ನೋಡುವ ಈ ಸೂಜಿಯ ಸ್ವಂತ ಫೋನು ಮಾತ್ರ ಗುಂಡಿ ಒತ್ತುವ ಹಳೇ ಡಬ್ಬ. "ಬೇಕಾದ್ರೆ ನನ್ನ ಡಬ್ಬಿಯಿಂದ ಇನ್ನೆರಡು ಗುಂಡಿ ಹೊಲಿದುಕೋ" ಎಂದು ಅಜ್ಜಿ ಅವಳನ್ನು ಆಡಿಕೊಳ್ಳುವುದಿತ್ತು.

ಸೂಜಿಗೆ ಈ ಕೆಲಸದಲ್ಲಿ ಒಂದು ಗುಟ್ಟಿನ ಸುಖವಿತ್ತು. ಚಿಕ್ಕಂದಿನಲ್ಲಿ ಅಜ್ಜಿಯ ಕತೆಗಳಲ್ಲಿ ಏಳು ಬಾಗಿಲಿನ ಅರಮನೆ ಬರುತ್ತಿತ್ತು. ಆರು ಬಾಗಿಲು ತೆಗೆಯಬಹುದು, ಏಳನೆಯದನ್ನು ಮುಟ್ಟಕೂಡದು. ಆ ಏಳನೇ ಬಾಗಿಲ ಹಿಂದೆ ಏನಿತ್ತೆಂದು ಅಜ್ಜಿ ಒಂದೊಂದು ಸಲ ಒಂದೊಂದು ಹೇಳಿದ್ದಳು. ಫೋನಿನ ಬೆನ್ನು ಬಿಚ್ಚಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗಲೆಲ್ಲ ಸೂಜಿಗೆ ಆ ಬಾಗಿಲು ತೆರೆದಂತಾಗುತ್ತಿತ್ತು. ಬಂಗಾರದ ಬೀದಿಗಳು, ಕಪ್ಪು ಮಹಡಿಗಳು, ಜನರಿಲ್ಲದ ಪಟ್ಟಣ. ಎಷ್ಟು ವರ್ಷವಾದರೂ ಅವಳಿಗೆ ಆ ಬೆರಗು ಹಳತಾಗಿರಲಿಲ್ಲ.

ಆ ದಿನ ಮಧ್ಯಾಹ್ನ ಎರಡೂಮುಕ್ಕಾಲಿಗೆ ಕನ್ನಡಕದ ಹೆಂಗಸೊಬ್ಬಳು ಬಂದಳು. ಐವತ್ತರ ಆಸುಪಾಸು. ಮೊಣಕೈವರೆಗೂ ಮೈದಾಹಿಟ್ಟಿನ ಬಿಳುಪು. ತಿರುವಿನಲ್ಲಿರುವ ಬೇಕರಿಯಲ್ಲಿ ಹಿಟ್ಟು ನಾದುವವಳೆಂದು ಕೇಳದೆಯೇ ತಿಳಿಯುತ್ತಿತ್ತು. ಫೋನನ್ನು ಗಾಯವಾದ ಹಕ್ಕಿಮರಿಯಂತೆ ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟಳು. ಗಾಜು ಮೂಲೆಯಿಂದ ಮೂಲೆಗೆ ಬಿರಿದಿತ್ತು. ಬಿರುಕುಗಳಲ್ಲಿ ಹಿಟ್ಟು ಕೂತು, ನಕಾಶೆಯಲ್ಲಿ ಬರೆದ ನದಿಗಳಂತೆ ಬೆಳ್ಳಗೆ ಕಾಣುತ್ತಿತ್ತು. ನಡುವೆ ಮೂರು ಬೆರಳಗಲದ ಕಪ್ಪು ಪಟ್ಟಿ. ಬೆರಳಾಡಿಸಿದರೆ ಪರದೆಯ ಮೇಲಿನ ಅರ್ಧ ಮಾತು ಕೇಳುತ್ತಿತ್ತು, ಕೆಳಗಿನ ಅರ್ಧ ಕೇಳುತ್ತಿರಲಿಲ್ಲ.

ಹೆಂಗಸು ಮಾತಾಡಲಿಲ್ಲ. ಸಣ್ಣ ಪುಸ್ತಕವೊಂದನ್ನು ತೆರೆದು ಬರೆದದ್ದನ್ನು ತೋರಿಸಿದಳು. 'ನಾಲ್ಕು ಗಂಟೆಗೆ ತಂಗಿಯ ಕಾಲ್ ಬರುತ್ತೆ. ಅದು ಮುಗಿದ ಕೂಡಲೇ ಅವಳನ್ನು ಆಪರೇಷನ್‌ಗೆ ಕರೆದುಕೊಂಡು ಹೋಗುತ್ತಾರೆ. ಅಷ್ಟರೊಳಗೆ ಬೇಕೇ ಬೇಕು.'

"ಗಂಟಲು ಕಟ್ಟಿದೆ ಅಂತ ಕಾಣತ್ತೆ ಪಾಪ" ಎಂದು ಅಜ್ಜಿ ಎದ್ದು ಬಿಸಿನೀರು ತಂದಳು. "ಕುಡಿಯಮ್ಮ. ಅಷ್ಟು ಅವಸರ ಇದ್ರೆ ಇವಳ ಫೋನಿಂದಲೇ ಮಾಡು, ಸಂಕೋಚ ಬೇಡ."

ಹೆಂಗಸು ಸೂಜಿಯ ಗುಂಡಿ ಫೋನನ್ನು ನೋಡಿ, ನಕ್ಕು, ತಲೆಯಾಡಿಸಿ ಬೇಡವೆಂದಳು. ಬಿಸಿನೀರು ಮಾತ್ರ ಕುಡಿದಳು.

"ನೋಡು, ನಿನ್ನ ಫೋನಿಗೆ ಅವರೂ ನಗ್ತಾರೆ" ಎಂದಳು ಅಜ್ಜಿ.

"ಬೀಳಲಿ, ಎಸೀಲಿ, ನಂದು ಒಡೆಯಲ್ಲ. ನಗೋರು ನಗಲಿ." ಸೂಜಿ ಫೋನನ್ನು ದೀಪದ ಕೆಳಗೆ ಹಿಡಿದಳು. "ದಾರಿ ಮೂರಿದೆ ಅಕ್ಕ. ಕಂಪನಿ ಸೆಂಟರ್‌ಗೆ ಕೊಡಬಹುದು. ನಾಲ್ಕು ದಿನ ಇಟ್ಕೊತಾರೆ, ಒಳಗಿರೋದನ್ನೆಲ್ಲ ಅಳಿಸಿ ವಾಪಸ್ ಕೊಡ್ತಾರೆ. ಇಲ್ಲ, ಮೇಲಿನ ಗಾಜು ಮಾತ್ರ ಬಿಡಿಸಿ ಹೊಸದು ಕೂರಿಸಬಹುದು. ಆದ್ರೆ ನಿಮ್ಮದಕ್ಕೆ ಒಳಗಿನ ಪರದೆಗೂ ಏಟು ಬಿದ್ದಿದೆ. ಈ ಕಪ್ಪು ಪಟ್ಟಿ ಇದೆಯಲ್ಲ, ಗಾಜು ಬದಲಾಯಿಸಿದ್ರೂ ಹೋಗಲ್ಲ. ಇನ್ನು ಉಳಿದಿದ್ದು ಪೂರ್ತಿ ಡಿಸ್‌ಪ್ಲೇ ಬದಲಾಯಿಸೋದು. ಒರಿಜಿನಲ್ ತರಿಸಬೇಕು, ಎರಡು ದಿನ. ಕಾಪಿ ನನ್ನ ಹತ್ರಾನೇ ಇದೆ. ಒಂಚೂರು ನೀಲಿ ಹೊಡಿಯತ್ತೆ, ಬಿಸಿಲಲ್ಲಿ ಮಂಕು. ಆದ್ರೆ ಒಂದು ಗಂಟೇಲಿ ಕೈಗೆ ಕೊಡ್ತೀನಿ."

ಹೆಂಗಸು ಫೋನನ್ನು ನೋಡಲೇ ಇಲ್ಲ. ಸೂಜಿಯ ತುಟಿಯನ್ನೇ ನೋಡುತ್ತಿದ್ದಳು. ಏನಾದರೂ ಅಂಟಿಕೊಂಡಿದೆಯೇನೋ ಎಂದು ಸೂಜಿ ಬಾಯಿ ಒರೆಸಿಕೊಂಡಳು. ಹೆಂಗಸು ಬೆರಳೆತ್ತಿ ಕಾಪಿ ಡಿಸ್‌ಪ್ಲೇಯ ಪೊಟ್ಟಣವನ್ನು ತೋರಿಸಿ, ಗೋಡೆಯ ಗಡಿಯಾರವನ್ನು ತೋರಿಸಿ, ಸ್ಟೂಲ್ ಎಳೆದುಕೊಂಡು ಕೂತಳು.

ಸೂಜಿ ಕೆಲಸಕ್ಕಿಳಿದಳು. ಬಿಸಿತಟ್ಟೆಯ ಮೇಲೆ ಅಂಟು ಮೆತ್ತಗಾಯಿತು. ತೆಳ್ಳನೆಯ ಪ್ಲಾಸ್ಟಿಕ್ ಚೂರನ್ನು ಸಂದಿಗೆ ತೂರಿಸಿ ಸುತ್ತಲೂ ಬಿಡಿಸಿದಳು. ಬ್ಯಾಟರಿಯ ತಂತಿ ಕಳಚಿ, ಒಡೆದ ಪರದೆಯನ್ನು ಹೊರಗೆಳೆದಾಗ ಹಿಟ್ಟಿನ ನದಿಗಳು ಮೇಜಿನ ಮೇಲೆ ಉದುರಿದವು. ಹೊಸದನ್ನು ಜೋಡಿಸಿ, ಅಂಟು ಹಾಕುವ ಮೊದಲು ಪರೀಕ್ಷೆ ಮಾಡಿದಳು. ಬೆಳಕು ಬಂತು. ಬೆರಳಿಗೆ ಮೂಲೆಮೂಲೆಯೂ ಓಗೊಟ್ಟಿತು. ಕ್ಯಾಮೆರಾ ಸರಿ. ಗಂಟೆ ಮೂರೂ ಇಪ್ಪತ್ತು. ಸೂಜಿ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡಳು.

ಆಮೇಲೆ ಸ್ಪೀಕರ್ ಪರೀಕ್ಷೆ. ಸದ್ದೇ ಇಲ್ಲ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಸ್ಪೀಕರಿನ ಜಾಲರಿ ತುಂಬ ಹಿಟ್ಟು ಗಟ್ಟಿಯಾಗಿ ಗೋಡೆ ಕಟ್ಟಿದೆ. ಕೆಳಗೆ ತಂತಿ ಕೂರುವ ಲೋಹದ ಕಾಲೂ ಮುರಿದಿದೆ. ಇದು ಇವತ್ತು ನಿನ್ನೆಯದಲ್ಲ, ವರ್ಷಗಳ ಹಿಂದಿನ ಸಾವು. ತಂಗಿಯ ದನಿ ಕೇಳದ ಮೇಲೆ ಕಾಲ್ ಬಂದರೆಷ್ಟು, ಬಿಟ್ಟರೆಷ್ಟು? ಸೂಜಿಗೆ ಹುಮ್ಮಸ್ಸು ಬಂತು. ಸತ್ತ ಫೋನುಗಳ ಡಬ್ಬಿ ತಡಕಾಡಿ, ಅಳತೆಗೆ ಸರಿಹೋಗುವ ಸ್ಪೀಕರ್ ಹುಡುಕಿ, ಬೆಸುಗೆ ಹಾಕಲು ಕೂತಳು. ಹೆಂಗಸಿನ ಬೆರಳು ಬಡಿದು ಮೇಜು ಟಕಟಕ ಎಂದಿತು. "ಐದೇ ನಿಮಿಷ ಅಕ್ಕ" ಎಂದಳು ತಲೆಯೆತ್ತದೆ. ಮತ್ತೆ ಟಕಟಕ. "ಆಯ್ತು, ಆಯ್ತು." ಕೂದಲೆಳೆಯಂಥ ತಂತಿ ಎರಡು ಸಲ ಜಾರಿ, ಮೂರನೇ ಸಲ ಕೂತಿತು.

ಸೂಜಿ ತಲೆಯೆತ್ತಿ, ಗೆದ್ದವಳ ಮುಖ ಹೊತ್ತು, ದನಿ ಪೂರ್ತಿ ಏರಿಸಿ ಒಂದು ಹಾಡು ಹಾಕಿದಳು.

ಮೆಟ್ಟಿಲ ಕೆಳಗಿನ ಕೋಣೆ ಎಂದರೆ ಕೇಳಬೇಕೆ, ಡಬ್ಬಿಯೊಳಗೆ ಡೋಲು ಬಡಿದಂತಾಯಿತು. ಗುಂಡಿಗಳು ಡಬ್ಬಿಗಳಲ್ಲಿ ಗಲಗಲ ಎಂದವು. ಅಜ್ಜಿಯ ಕೈಯಿಂದ ದಾರದ ಉಂಡೆ ಉರುಳಿತು. ಎದುರು ಜಗುಲಿಯಲ್ಲಿ ಮಲಗಿದ್ದ ನಾಯಿ ಎದ್ದು ನಿಂತು, ಯಾರನ್ನು ಬೊಗಳುವುದೆಂದು ತೋಚದೆ ಮತ್ತೆ ಮಲಗಿತು.

ಕನ್ನಡಕದ ಹೆಂಗಸು ರೆಪ್ಪೆ ಕೂಡ ಮಿಟುಕಿಸಲಿಲ್ಲ. ಅವಳು ಗಡಿಯಾರ ನೋಡುತ್ತಿದ್ದಳು.

ಸೂಜಿ ಹಾಡು ನಿಲ್ಲಿಸಿದಳು. ಹೆಂಗಸಿನ ಕಣ್ಣೆದುರು ಕೈಯಾಡಿಸಿ, ಸ್ಪೀಕರನ್ನು ತೋರಿಸಿ, ನಿಧಾನವಾಗಿ ತುಟಿಯಾಡಿಸಿದಳು. "ಇದು ಕೆಟ್ಟಿತ್ತು. ಸರಿ ಮಾಡ್ದೆ."

ಹೆಂಗಸು ಪುಸ್ತಕದಲ್ಲಿ ಬರೆದಳು. 'ಹೌದಾ? ಅದು ಕೆಟ್ಟಿತ್ತಾ?' ಕೆಳಗೆ ಇನ್ನೊಂದು ಸಾಲು. 'ನಾನೂ ತಂಗಿಯೂ ಹುಟ್ಟು ಕಿವುಡರು. ನಾವು ಕೈಯಲ್ಲಿ ಮಾತಾಡೋದು.' ಪೆನ್ಸಿಲು ಒಂದು ಕ್ಷಣ ನಿಂತು ಮತ್ತೆ ಓಡಿತು. 'ಆಪರೇಷನ್ ಅವಳ ಬಲಗೈಗೆ. ಮಣಿಕಟ್ಟಿನ ನರ. ಆಮೇಲೆ ಬೆರಳು ಮೊದಲಿನ ಹಾಗೆ ಆಡುತ್ತೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ.'

ಸೂಜಿ ಬಿಚ್ಚಿಟ್ಟ ಹಳೇ ಪರದೆಯನ್ನು ಕೈಗೆತ್ತಿಕೊಂಡಳು. ಕಪ್ಪು ಪಟ್ಟಿ ಇದ್ದದ್ದು ಪರದೆಯ ನಡುವೆ, ಸರಿಯಾಗಿ ಕೈಗಳು ಕಾಣುವ ಕಡೆ. ಗಂಟೆ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅಂಟು ಹಾಕಿ ಅರ್ಧ ಗಂಟೆ ಒತ್ತಿ ಹಿಡಿಯದೆ ಪರದೆ ನಿಲ್ಲುವುದಿಲ್ಲ. ಆ ಅರ್ಧ ಗಂಟೆ ಅವಳ ಕೈಯಲ್ಲೇ ಇತ್ತು. ಯಾರಿಗೂ ಬೇಡದ ಸದ್ದಿಗಾಗಿ ಅವಳೇ ಅದನ್ನು ಸುಟ್ಟುಹಾಕಿದ್ದಳು.

"ಏನಂತೆ?" ಎಂದಳು ಅಜ್ಜಿ. ಸೂಜಿ ಹೇಳಿದಳು. ಅಜ್ಜಿ ಖಾಲಿ ಲೋಟವನ್ನೂ ಹೆಂಗಸಿನ ಗಂಟಲನ್ನೂ ಒಂದಾದ ಮೇಲೊಂದು ನೋಡಿದಳು. "ಅಯ್ಯೋ ನನ್ನ ಬುದ್ಧಿಗಿಷ್ಟು. ಆ ಕ್ಲಿಪ್ಪು ಹಾಕ್ತೀಯಲ್ಲ, ಹಾಕಿ ಕೊಡೇ."

"ಕ್ಲಿಪ್ಪು ಕ್ಯಾಮೆರಾ ಕಣ್ಣಿನ ಮೇಲೇ ಕೂರತ್ತೆ ಅಜ್ಜಿ."

"ರಬ್ಬರ್ ಬ್ಯಾಂಡು?"

"ಅದು ಪರದೆಗೆ ಅಡ್ಡ ಬಂದು ಕೈ ಮೇಲೆ ಗೆರೆ ಎಳೆದ ಹಾಗೆ ಕಾಣತ್ತೆ."

"ಹಾಗಾದ್ರೆ ಅವಳೇ ಗಟ್ಟಿಯಾಗಿ ಹಿಡ್ಕೊಳ್ಳಲಿ."

"ಹಿಡ್ಕೊಂಡ್ರೆ ಮಾತಾಡೋದು ಯಾವ ಕೈಯಲ್ಲಿ?"

ಸೂಜಿ ತನ್ನ ಕೈಗಳನ್ನು ನೋಡಿಕೊಂಡಳು. ಅಂಟಿನ ಟ್ಯೂಬ್ ತೆಗೆದು, ಚೌಕಟ್ಟಿನ ಸುತ್ತ ತೆಳ್ಳಗೆ ಎಳೆದು, ಪರದೆ ಕೂರಿಸಿದಳು. ಮೇಜಿನ ಈಚೆ ಬಂದು ಹೆಂಗಸಿನ ಎದುರು ಮಂಡಿಯೂರಿ ಕೂತು, ಮೊಣಕೈಗಳನ್ನು ನಡುವೆ ಎಳೆದಿಟ್ಟ ತನ್ನ ಸ್ಟೂಲಿನ ಮೇಲೂರಿದಳು. ಫೋನನ್ನು ಅವಳ ಮುಖಕ್ಕೆ ನೇರವಾಗಿ ನಿಲ್ಲಿಸಿ, ಅಂಚುಗಳನ್ನು ಹತ್ತೂ ಬೆರಳಿಂದ ಒತ್ತಿ ಹಿಡಿದಳು. ಹೆಂಗಸಿಗೆ ಅರ್ಥವಾಯಿತು. ಅವಳು ಕೈಯ ಹಿಟ್ಟನ್ನು ಉಡುಪಿಗೆ ಒರೆಸಿಕೊಂಡಳು, ಮಾತಿಗೆ ಮುಂಚೆ ಬೇರೆಯವರು ಗಂಟಲು ಸರಿಮಾಡಿಕೊಳ್ಳುವಂತೆ.

ನಾಲ್ಕು ಹೊಡೆಯಿತು. ಫೋನು ಸೂಜಿಯ ಅಂಗೈಯಲ್ಲಿ ಗುಂಯ್‌ಗುಟ್ಟಿತು.

ಸೂಜಿಗೆ ಕಾಣುತ್ತಿದ್ದದ್ದು ಫೋನಿನ ಬೆನ್ನು, ಅದರಾಚೆ ಹೆಂಗಸಿನ ಮುಖ. ಆ ಮುಖದ ಮೇಲೆ ನಸು ನೀಲಿ ಬೆಳಕು ಬಿತ್ತು. ಮರುಕ್ಷಣ ಹಿಟ್ಟು ನಾದುವ ಆ ದಪ್ಪ ಕೈಗಳು ಎದ್ದವು. ಅಬ್ಬಾ, ಅವು ಅದೇ ಕೈಗಳೇ ಎನಿಸಿತು ಸೂಜಿಗೆ. ಒಂದು ಕೈ ಪ್ರಶ್ನೆ ಕೇಳುತ್ತಿತ್ತು, ಇನ್ನೊಂದು ಉತ್ತರಕ್ಕೂ ಕಾಯದೆ ಬೈಯುತ್ತಿತ್ತು. ಬೆರಳುಗಳು ಕೂಡಿ ಬಿಡಿಸಿಕೊಂಡವು, ಎದೆ ಮುಟ್ಟಿದವು, ಗಾಳಿಯಲ್ಲಿ ಏನನ್ನೋ ಹರಿದು ಎಸೆದವು. ಹುಬ್ಬುಗಳು ಮಾತಿಗೆ ಅಡಿಗೆರೆ ಎಳೆಯುತ್ತಿದ್ದವು. ಇಷ್ಟು ಹೊತ್ತು ಸ್ಟೂಲಿನ ಮೇಲೆ ಮಾತಿಲ್ಲದೆ ಕೂತಿದ್ದವಳು ಈ ಬೀದಿಯಲ್ಲೇ ಎಲ್ಲರಿಗಿಂತ ದೊಡ್ಡ ವಾಚಾಳಿ ಎಂಬುದು ಸೂಜಿಗೆ ಈಗ ತಿಳಿಯಿತು.

ಕನ್ನಡಕದ ಎರಡು ಗಾಜುಗಳಲ್ಲಿ ಎರಡು ಪುಟ್ಟ ಚೌಕಗಳು ಹೊಳೆಯುತ್ತಿದ್ದವು. ಸೂಜಿ ಕಣ್ಣು ಕಿರಿದು ಮಾಡಿದಳು. ಪ್ರತಿ ಚೌಕದೊಳಗೂ ಗುಂಡಿಯಷ್ಟು ದೊಡ್ಡ ತಂಗಿಯೊಬ್ಬಳು ಹಾಸಿಗೆಯ ಮೇಲೆ ಕೂತು ಕೈಯಾಡಿಸುತ್ತಿದ್ದಳು. ಎಡಗೈ ಸಲೀಸಾಗಿ ಹಾರುತ್ತಿತ್ತು, ಬಲಗೈ ಅದರ ಹಿಂದೆ ತಡವಾಗಿ, ನೋವು ನುಂಗುತ್ತ ಬರುತ್ತಿತ್ತು. ಹತ್ತು ವರ್ಷ ಸೂಕ್ಷ್ಮದರ್ಶಕದಲ್ಲಿ ಜನರಿಲ್ಲದ ಪಟ್ಟಣವನ್ನು ನೋಡಿದವಳಿಗೆ ಮೊದಲ ಬಾರಿಗೆ ಅಲ್ಲಿ ಜನ ಕಂಡರು. ಅವಳು ಉಸಿರನ್ನೂ ಸಣ್ಣಗೆ ಬಿಟ್ಟಳು.

ಮಧ್ಯೆ ಹೆಂಗಸು ಫೋನಿನ ಮೇಲಿಂದ ಸೂಜಿಯತ್ತ ನೋಡಿ, ಬೆರಳು ತೋರಿಸಿ, ಮೈಯೆಲ್ಲ ಕುಲುಕುವಂತೆ ಸದ್ದಿಲ್ಲದೆ ನಕ್ಕಳು. ಗಾಜುಗಳೊಳಗಿನ ತಂಗಿಯರಿಬ್ಬರೂ ನಕ್ಕರು. ತನ್ನ ಬಗ್ಗೆಯೇ ಏನೋ ನಡೆದಿದೆ ಎಂದು ಸೂಜಿಗೆ ಗೊತ್ತಾಯಿತು. ತಪ್ಪಾಯ್ತು, ತಡ ಮಾಡಿಬಿಟ್ಟೆ ಎನ್ನಬೇಕೆನಿಸಿತು. ಬಾಯಿ ತೆರೆದರೆ, ತುಟಿ ಓದಬೇಕಾದ ಕಣ್ಣುಗಳು ಆಗಲೇ ಪರದೆಗೆ ಮರಳಿದ್ದವು; ಕೈಯೆತ್ತೋಣವೆಂದರೆ ಎರಡೂ ಕೈ ಸೆರೆ. ತಲೆಯನ್ನಷ್ಟೇ ಅಲ್ಲಾಡಿಸಿದಳು.

ನಾಲ್ಕೂ ಹನ್ನೊಂದಕ್ಕೆ ಗಾಜುಗಳಲ್ಲಿ ಬಿಳಿ ಉಡುಪಿನ ನೆರಳೊಂದು ಬಂತು. ತಂಗಿಯ ಎರಡು ಕೈಗಳೂ ಹತ್ತಿರ ಹತ್ತಿರ ಬಂದು, ಹತ್ತೂ ಬೆರಳು ಅರಳಿ ಕನ್ನಡಕವನ್ನೆಲ್ಲ ತುಂಬಿದವು. ಬೆಳಕು ಆರಿತು. ಹೆಂಗಸಿನ ಕೈಗಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿದು, ಆಮೇಲೆ ಮಡಿಲಿಗಿಳಿದವು.

ಅಜ್ಜಿ ಕಣ್ಣೊರೆಸಿಕೊಂಡು ಕೇಳಿದಳು. "ಇವಳನ್ನ ತೋರಿಸಿ ನಕ್ಕಿದ್ದೇನು, ಅದನ್ನ ಹೇಳು."

ಹೆಂಗಸು ಅಜ್ಜಿಯ ತುಟಿ ನೋಡಿ, ಬರೆದಳು. 'ಫೋನಿಗೆ ಹತ್ತು ಬೆರಳಿನ ಸ್ಟ್ಯಾಂಡ್ ಸಿಕ್ಕಿದೆ ಅಂದೆ. ಎಲ್ಲಿ ಕೊಂಡೆ, ಕೈಗೆ ಬ್ಯಾಂಡೇಜ್ ಇರೋ ಆರು ವಾರಕ್ಕೆ ನನಗೂ ಒಂದು ಕಳಿಸು ಅಂದಳು ತಂಗಿ.'

ಅಂಟು ಇನ್ನೂ ಹಸಿಯಿತ್ತು. ಸೂಜಿ ಕ್ಲಿಪ್ಪು ಹಾಕಿ ಫೋನನ್ನು ಮೇಜಿನ ಮೇಲೆ ಮಲಗಿಸಿದಳು. ಬೆರಳುಗಳು ಮರಗಟ್ಟಿದ್ದವು. ಹೆಂಗಸಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲವರೆಗೆ ಹೋದಳು, ಬಂದಳು. ಅಜ್ಜಿ ಅವಳ ತೋಳು ಹಿಡಿದು ಎಡಗಡೆಗೆ ಎಳೆದೊಯ್ದು, ಚಿಪ್ಪಿನ ಗುಂಡಿಗಳ ಡಬ್ಬಿ ತೆರೆದು ಮುಂದಿಟ್ಟಳು. ಬೇರ್ಪಡಿಸಿ ಕೊಡು, ದೊಡ್ಡದು ಇಲ್ಲಿ, ಚಿಕ್ಕದು ಇಲ್ಲಿ ಎಂದು ಬೆರಳು ಮಾಡಿ ತೋರಿಸಿದಳು. ಹೆಂಗಸು ಬೆನ್ನು ತಿರುಗಿಸಿ ಕೂತು ಗುಂಡಿ ಆರಿಸತೊಡಗಿದಳು. ನಾಲ್ಕೂವರೆ ಆಯಿತು. ಅಂಟು ಗಟ್ಟಿಯಾಯಿತು, ಸೂಜಿ ಕ್ಲಿಪ್ಪು ತೆಗೆದಳು. ಹೆಂಗಸು ಮಾತ್ರ ಏಳಲಿಲ್ಲ.

ಐದಕ್ಕೆ ಸ್ವಲ್ಪ ಮುಂಚೆ ಮೇಜಿನ ಮೇಲೆ ಫೋನು ಟಿಣ್ ಎಂದಿತು. ಹೊಸ ಸ್ಪೀಕರಿನ ದನಿ. ದನಿ ಇನ್ನೂ ಪೂರ್ತಿ ಏರಿಯೇ ಇತ್ತು. ಅಜ್ಜಿ ಬೆಚ್ಚಿದಳು. ಹೆಂಗಸು ಬೆನ್ನು ತಿರುಗಿಸಿಯೇ ಇದ್ದಳು.

"ಅಕ್ಕಾ" ಎನ್ನಲು ಬಾಯಿ ತೆರೆದ ಸೂಜಿ ಹಾಗೇ ನಿಂತು, ಮೇಜಿನ ದೀಪವನ್ನು ಆರಿಸಿ ಹಚ್ಚಿದಳು. ಮತ್ತೆ ಆರಿಸಿ ಹಚ್ಚಿದಳು. ಡಬ್ಬಿಗಳ ಮೇಲೆ ಬೆಳಕು ಮಿನುಗಿತು. ಹೆಂಗಸು ತಿರುಗಿದಳು, ಸೂಜಿಯ ಮುಖ ನೋಡಿದಳು, ಗುಂಡಿ ಚೆಲ್ಲಿಕೊಂಡು ಓಡಿ ಬಂದಳು.

ಆಸ್ಪತ್ರೆಯಿಂದ ಯಾರೋ ಕಳಿಸಿದ ಆರು ಸೆಕೆಂಡಿನ ವಿಡಿಯೋ. ಹೊಸ ಪರದೆಯ ನಡುವೆ, ಕಪ್ಪು ಪಟ್ಟಿ ಇದ್ದ ಜಾಗದಲ್ಲೇ, ಬಿಳಿ ಬ್ಯಾಂಡೇಜಿನ ದೊಡ್ಡ ಗಂಟು. ಅದರ ತುದಿಯಲ್ಲಿ ಐದು ಬೆರಳುಗಳ ತಲೆಗಳು ಮಾತ್ರ ಇಣುಕುತ್ತಿದ್ದವು, ಗೂಡಿನೊಳಗಿನ ಮರಿಗಳಂತೆ. ಮೂರು ಸೆಕೆಂಡು ಏನೂ ಆಗಲಿಲ್ಲ. ಮೂವರು ಹೆಂಗಸರೂ ಪರದೆಗೆ ಬಾಗಿದರು. ಆಗ ಕಿರುಬೆರಳು ಬಾಗಿತು. ನೆಟ್ಟಗಾಯಿತು. ಅದರ ಪಕ್ಕದ್ದು ಅಲುಗಿತು. ಕೊನೆಗೆ ಹೆಬ್ಬೆರಳು, ಬಹಳ ಯೋಚಿಸಿ ಎಂಬಂತೆ, ಒಂದೇ ಒಂದು ಸಲ.

ಹೆಂಗಸಿನ ಎದೆಯಿಂದ ಒಂದು ಸದ್ದು ಹೊರಬಂತು. ಅವಳಿಂದ ಅವರು ಕೇಳಿದ ಮೊದಲ ಸದ್ದು. ಅದು ನಗುವೋ ಅಳುವೋ ತಿಳಿಯುವಂತಿರಲಿಲ್ಲ.

"ಏನಂತೆ?" ಎಂದಳು ಅಜ್ಜಿ, ಹೆಂಗಸಿನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡು. "ನಿನ್ನ ತಂಗಿ ಏನಂತಾಳೆ?"

ಹೆಂಗಸು ಪುಸ್ತಕ ಹುಡುಕಿದಳು. ಅವಸರದಲ್ಲಿ ಅಕ್ಷರಗಳು ಸೊಟ್ಟಗಾದವು.

'ಇನ್ನೂ ತೊದಲ್ತಾ ಇದ್ದಾಳೆ.'