ತೂತಿನ ಎಲೆ

ಪುಣೆಯ ಅಕ್ಕ ಕೊಟ್ಟ ಗಿಡವನ್ನು ನಾನು ನಾಲತವಾಡದ ಗಂಡನ ಮನೆಗೆ ತಂದಾಗ ಅದಕ್ಕಿದ್ದದ್ದು ತೂತಿಲ್ಲದ ಮೂರೇ ಸಣ್ಣ ಎಲೆ. ನಮ್ಮ ಕಡೆಯ ಬಿಸಿಲಿಗೆ ಸುಟ್ಟುಹೋಗುತ್ತದೆ, ಮನೆಯೊಳಗೇ ಬೆಳೆಸು ಎಂದಿದ್ದಳು ಅಕ್ಕ. ಹೂವಿಲ್ಲ, ಕಾಯಿಲ್ಲ, ಬರೀ ಎಲೆ ನೋಡುವುದಕ್ಕೊಂದು ಗಿಡವೇ ಎಂದು ಅತ್ತೆ ಬಾಳಮ್ಮ ನಕ್ಕರು. ನಗಲಿ ಬಿಡು ಎಂದುಕೊಂಡು ಹಳೆಯ ಎಣ್ಣೆ ಡಬ್ಬಿಯಲ್ಲಿ ನೆಟ್ಟು ಪಡಸಾಲೆಯ ಬೆಳಕಿಂಡಿಯ ಕೆಳಗಿಟ್ಟೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ.

೧೯೭೫ರ ಮಳೆಗಾಲದಲ್ಲಿ ಹೊಸ ಎಲೆ ಬಂತು. ಅಂಗೈಗಿಂತ ದೊಡ್ಡದು, ಆದರೆ ಮೈತುಂಬ ತೂತು. ಮಾವ ಗುರುಲಿಂಗಪ್ಪ ಐವತ್ತು ವರ್ಷ ಜೋಳ ಬೆಳೆದವರು. ಒಮ್ಮೆ ನೋಡಿ, "ಹುಳ ಬಿದ್ದೈತಿ" ಎಂದವರೇ ಕುಡುಗೋಲಿನಿಂದ ಎಲೆ ಕೊಯ್ದುಬಿಟ್ಟರು. ಮುಂದಿನ ಎಲೆಗೂ ಅದೇ ಗತಿ.

"ಬೀಜದ ಜೋಳ ಇದ ಪಡಸಾಲ್ಯಾಗ ಐತಿ. ಆ ಹುಳ ಬೀಜಕ್ಕ ಹತ್ತಿದ್ರ ಏನ್ ಮಾಡೂದು? ಇನ್ನೊಂದು ಎಲಿ ತೂತ ಬಿದ್ರ ಗಿಡಾನ ತಿಪ್ಪಿಗಿ ಒಗೀತೇನಿ," ಎಂದರು.

"ಹುಳ ಎಲ್ಲೈತಿ ತೋರಸ್ರಿ ಮಾವಾರ. ಒಂದು ಹಿಕ್ಕಿ ಸೈತ ಬಿದ್ದಿಲ್ಲ!" ನನ್ನ ದನಿ ಏರಿತ್ತು. ಅತ್ತೆ ಕಣ್ಣಲ್ಲೇ ಗದರಿಸಿದರು.

ಮಾವ ಮಾತ್ರ ಸಿಟ್ಟಾಗಲಿಲ್ಲ. ಹುಳು ತಿಂದರೆ ಕೆಳಗೆ ಹಿಕ್ಕೆ ಬೀಳಲೇಬೇಕೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕುಕ್ಕರಗಾಲಲ್ಲಿ ಕೂತು ಡಬ್ಬಿಯ ಸುತ್ತ ನೆಲ ಸವರಿದರು; ಏನೂ ಸಿಗಲಿಲ್ಲ. ಮೂರನೆಯ ಹೊಸ ಎಲೆ ಸುರುಳಿ ಸುತ್ತಿಕೊಂಡು ಆಗಷ್ಟೇ ಹೊರಬರುತ್ತಿತ್ತು. ಹಳೆಯ ಧೋತರದ ತುಂಡು ಹರಿದು ಸುರುಳಿಗೆ ಸಡಿಲವಾಗಿ ಚೀಲದ ಹಾಗೆ ತೊಡಿಸಿ, ಬುಡದಲ್ಲಿ ತಾವೇ ಗಂಟು ಹಾಕಿದರು.

"ಇನ್ನ ಹೆಂಗ ಬರ್ತೈತಿ ನೋಡೂಣು ಹುಳ."

ಅಂದಿನಿಂದ ಅವರೂ ದಿನಕ್ಕೆ ಹತ್ತು ಸಲ ನೋಡತೊಡಗಿದರು. ಹೊಲದಿಂದ ಬಂದವರು ಕಾಲು ತೊಳೆಯುವುದನ್ನೂ ಮರೆತು, "ಗಂಟ ಯಾರೂ ಮುಟ್ಟಿಲ್ಲ ಹೌದಲ್ಲೊ?" ಎಂದು ಕೇಳುತ್ತಿದ್ದರು. ಧೈರ್ಯವಾಗಿ ಮಾತಾಡಿದ್ದೆನೇ ಹೊರತು ನನಗೂ ಒಳಗೊಳಗೆ ಪುಕುಪುಕು. ನಿಜವಾಗಿ ಹುಳುವೇ ಇದ್ದರೆ?

ಎಂಟನೆಯ ದಿನ ಗಂಟು ಬಿಚ್ಚಿದರು. ಎಲೆ ಅರ್ಧ ಅರಳಿತ್ತು, ತುಂಬ ತೂತು. ಮಾವ ಬಟ್ಟೆ ಕೊಡವಿದರು. ಏನೂ ಉದುರಲಿಲ್ಲ. ತೂತಿನ ಅಂಚಿಗೆ ಬೆರಳಾಡಿಸಿದರು. ಕಡಿದ ಗುರುತಿಲ್ಲದೆ ನುಣ್ಣಗಿತ್ತು. ಇನ್ನೂ ಸುರುಳಿಯಾಗಿದ್ದ ಅರ್ಧವನ್ನು ಮೆಲ್ಲಗೆ ಬಿಡಿಸಿದರು. ಗಾಳಿಯೇ ಸೋಕದ ಆ ಎಳೆ ಭಾಗದಲ್ಲೂ ತೂತುಗಳಿದ್ದವು.

"ಹುಟ್ಟಿನಿಂದನ ಹಿಂಗ ಐತೇನ ಇದು!" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎರಡು ಚೊಲೋ ಎಲಿ ಸುಮ್ಮಸುಮ್ಮನ ಕೊಯ್ದೆ. ನಂದು ತಪ್ಪಾತವಾ ಸಿದ್ದಲಿಂಗವ್ವಾ," ಎಂದರು.

ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಆ ಮನೆಯ ಗಂಡಸರ ಬಾಯಲ್ಲಿ ತಪ್ಪಾಯಿತು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.